ನೀವು ನೋಡದ ಚಿತ್ರದ ಬಗ್ಗೆ

ಆತ್ಮೀಯರೇ,

'ಮೌನದಲ್ಲಿ ಗುಡುಗಿದ ಪತ್ರಕರ್ತೆ' ಎಂಬ ನಿಮ್ಮ ಲೇಖನ ಕೈಸೇರಿ ಐದು ವಾರವಾಯಿತು. ಉತ್ತರ ತಡವಾಯಿತು, ಕ್ಷಮೆ ಇರಲಿ. 'ಪ್ರಕಟಣೆಗೆ ಆಯ್ಕೆಯಾಗಿಲ್ಲ' ಎಂದು ಒಂದು ಸಾಲು ಬರೆದು ಮುಗಿಸಬಹುದಿತ್ತು. ಆದರೆ ಲೇಖನದ ಜೊತೆಗೆ ನೀವು ಇಟ್ಟಿದ್ದ ಅರ್ಧ ಪುಟದ ಪತ್ರ ನನ್ನನ್ನು ತಡೆಯಿತು. ಅದರ ಮಾತು ಆಮೇಲೆ.

1910ರಲ್ಲಿ ಅಮೆರಿಕದ ಥಾನ್‌ಹೌಸರ್ ಕಂಪನಿ ತಯಾರಿಸಿದ 'ದಿ ಗರ್ಲ್ ರಿಪೋರ್ಟರ್' ಎಂಬ ಮೂಕಿ ಕಿರುಚಿತ್ರ ನಿಮ್ಮ ವಿಷಯ. ಅದರ ಒಂದು ಪ್ರತಿಯೂ ಸಿಕ್ಕಿಲ್ಲವೆಂದು ನೀವೇ ಮೊದಲ ಪ್ಯಾರಾದಲ್ಲಿ ಬರೆದಿದ್ದೀರಿ. ಎರಡನೆಯ ಪ್ಯಾರಾಕ್ಕೆ ಬರುವಷ್ಟರಲ್ಲಿ ನಾಯಕಿಯ ಕಣ್ಣಂಚಿನಲ್ಲಿ ನೀರು ತುಳುಕುತ್ತಿದೆ, ಆಕೆಯ ಬೆರಳುಗಳು ಟೈಪ್‌ರೈಟರಿನ ಮೇಲೆ ನಡುಗುತ್ತಿವೆ, 'ಕ್ಯಾಮೆರಾ ನಿಧಾನವಾಗಿ ಆಕೆಯ ಮುಖದ ಸಮೀಪಕ್ಕೆ ಸರಿಯುತ್ತಿದೆ'. ಈ ಕಣ್ಣೀರನ್ನು ನೋಡಿದವರು ಯಾರು? 1910ರ ಅಮೆರಿಕನ್ ಚಿತ್ರಗಳಲ್ಲಿ ನಟರು ಸಾಮಾನ್ಯವಾಗಿ ಅಡಿಯಿಂದ ಮುಡಿಯವರೆಗೆ ಕಾಣುವಂತೆ ನಿಲ್ಲುತ್ತಿದ್ದರು, ಕ್ಯಾಮೆರಾ ತನ್ನ ಜಾಗ ಬಿಟ್ಟು ಕದಲುತ್ತಿದ್ದುದೇ ಅಪರೂಪ. ನೀವು ವರ್ಣಿಸಿರುವುದು ನಿಮ್ಮ ಮೊಬೈಲಿನಲ್ಲಿ ಕಳೆದ ವರ್ಷ ನೋಡಿದ ಯಾವುದೋ ಚಿತ್ರದ ದೃಶ್ಯ ಎಂದು ನನ್ನ ಗುಮಾನಿ.

ಈ ತಪ್ಪಿನ ರುಚಿ ನನಗೂ ಗೊತ್ತು. ಇಪ್ಪತ್ತೆರಡರ ವಯಸ್ಸಿನಲ್ಲಿ ಒಂದು ಜಾತ್ರೆಯ ವರದಿಯನ್ನು ಹಿಂದಿನ ವರ್ಷದ ಸಂಚಿಕೆ ಮುಂದಿಟ್ಟುಕೊಂಡು ಕೋಣೆಯಲ್ಲೇ ಬರೆದು ಕೊಟ್ಟಿದ್ದೆ. 'ಭಕ್ತರ ಹರ್ಷೋದ್ಗಾರದ ನಡುವೆ ತೇರು ಬೀದಿಯ ತುದಿ ಮುಟ್ಟಿತು' ಎಂದು ಅಚ್ಚಾಯಿತು. ಆ ವರ್ಷ ತೇರಿನ ಅಚ್ಚು ಮುರಿದು, ತೇರು ಹೊರಟ ಜಾಗದಲ್ಲೇ ಮೂರು ದಿನ ನಿಂತಿತ್ತು. ಊರಿನವರು ಇಂದಿಗೂ ಬಿಟ್ಟಿಲ್ಲ, ಸಿಕ್ಕಾಗಲೆಲ್ಲ ತೇರು ತುದಿ ಮುಟ್ಟಿತೇ ಎಂದು ವಿಚಾರಿಸುತ್ತಾರೆ.

ಇದು ನಿಮ್ಮೊಬ್ಬರ ಚಾಳಿಯೂ ಅಲ್ಲ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ತೆರೆಗೆ ಬಂದದ್ದು 1934ರಲ್ಲಿ, ಅದರ ಪ್ರತಿ ಇಂದು ನಮ್ಮ ಬಳಿ ಇಲ್ಲ. ಆದರೂ ಸುಬ್ಬಯ್ಯ ನಾಯ್ಡು ಅವರ ಇಂದ್ರಜಿತುವನ್ನು ಮುಂದಿನ ಸಾಲಿನಲ್ಲಿ ಕುಳಿತು ಕಂಡವರಂತೆ ಬಣ್ಣಿಸುವ ಲೇಖನಗಳು ನನ್ನ ಮೇಜಿಗೆ ಬರುತ್ತಲೇ ಇರುತ್ತವೆ.

ನಿಮ್ಮ ಕೈಯಲ್ಲಿ ನಿಜಕ್ಕೂ ಇರುವುದು ಅಂದಿನ ಸಿನಿಮಾ ವ್ಯಾಪಾರದ ಪತ್ರಿಕೆಯಲ್ಲಿ ಅಚ್ಚಾದ ಕಥಾಸಾರ. ಅಂಥ ಸಾರಗಳನ್ನು ಕಂಪನಿಗಳೇ ಪ್ರದರ್ಶಕರಿಗೆಂದು ಬರೆದು ಕೊಡುತ್ತಿದ್ದವು. ಸರಕು ಮಾರುವವನು ಸರಕನ್ನು ಹೊಗಳದೆ ಇರುತ್ತಾನೆಯೇ? ಅದರಲ್ಲಿದ್ದ 'ಅಪೂರ್ವ', 'ರೋಮಾಂಚಕ' ಎಂಬ ಮಾತುಗಳನ್ನು ನೀವು ವಿಮರ್ಶಕರ ತೀರ್ಪೆಂದು ಉದ್ಧರಿಸಿದ್ದೀರಿ.

'ಚಿತ್ರದ ಉತ್ತರಾರ್ಧ ತುಸು ಎಳೆದಂತಾಗಿದೆ' ಎಂಬ ನಿಮ್ಮ ವಾಕ್ಯಕ್ಕೆ ನಾನು ನಕ್ಕದ್ದು ನಿಜ. ಆ ಕಾಲದ ಇಂಥ ಕಿರುಚಿತ್ರ ಸಾಮಾನ್ಯವಾಗಿ ಒಂದೇ ರೀಲು, ಅಂದರೆ ಹೆಚ್ಚೆಂದರೆ 1,000 ಅಡಿ ಫಿಲ್ಮು. ಕೈಯಿಂದ ಹಿಡಿಕೆ ತಿರುಗಿಸಿ ತೋರಿಸಿದರೆ ಹದಿನೈದು ನಿಮಿಷದ ಆಸುಪಾಸಿನಲ್ಲಿ ಮುಗಿಯುತ್ತಿತ್ತು. ಐದು ಸೆಂಟು ಕೊಟ್ಟು ಬಂದವರು ಒಂದೇ ಆಟದಲ್ಲಿ ಇಂಥ ಹಲವು ಚಿತ್ರಗಳನ್ನು ನೋಡಿ ಹೋಗುತ್ತಿದ್ದರು. ಎಳೆಯಲು ಅಲ್ಲಿ ಜಾಗವೆಲ್ಲಿತ್ತು?

ಬೆಂಕಿಯ ವಿಷಯವನ್ನು ಮಾತ್ರ ಗಂಭೀರವಾಗಿ ಹೇಳಬೇಕು. '1913ರ ಬೆಂಕಿಯಲ್ಲಿ ಚಿತ್ರ ಭಸ್ಮವಾಯಿತು' ಎಂದು ಬರೆದಿದ್ದೀರಿ. ನ್ಯೂಯಾರ್ಕ್ ನಗರದ ಬಳಿಯ ನ್ಯೂ ರೋಶೆಲ್‌ನಲ್ಲಿ ಥಾನ್‌ಹೌಸರ್ ಸ್ಟುಡಿಯೋ 1913ರ ಜನವರಿ 13ರಂದು ಸುಟ್ಟದ್ದು ಹೌದು. ಆದರೆ ಚಿತ್ರದ ಪ್ರತಿಗಳು ಸ್ಟುಡಿಯೋದ ಕಪಾಟಿನಲ್ಲಿ ಕುಳಿತಿರುತ್ತಿರಲಿಲ್ಲ, ಊರೂರು ಸುತ್ತುತ್ತಿದ್ದವು. ಒಂದು ಕಟ್ಟಡದ ಬೆಂಕಿ ಅವನ್ನೆಲ್ಲ ಹುಡುಕಿಕೊಂಡು ಹೋಗಿ ಸುಡುವುದಿಲ್ಲ. ಬೆಂಕಿಗಿರುವ ನಾಟಕೀಯತೆಗೆ ನೀವು ಮರುಳಾದಿರಿ. ಹೆಚ್ಚಿನ ಮೂಕಿಚಿತ್ರಗಳು ಸತ್ತ ಬಗೆ ಇದಕ್ಕಿಂತ ನೀರಸ. ಓಡಿ ಓಡಿ ಗೀರು ಬಿದ್ದವು, ಹರಿದವು, ಹೊಸ ಚಿತ್ರ ಬಂದೊಡನೆ ಯಾರಿಗೂ ಬೇಡವಾದವು. ಆಗ ಬಳಸುತ್ತಿದ್ದ ನೈಟ್ರೇಟ್ ಫಿಲ್ಮು ನೀರಿನಲ್ಲಿ ಮುಳುಗಿಸಿದರೂ ಉರಿಯುವ ವಸ್ತು, ಇಟ್ಟುಕೊಳ್ಳುವುದೇ ಅಪಾಯ ಮತ್ತು ಖರ್ಚು. 1920ರ ದಶಕದ ಕೊನೆಗೆ ಮಾತಿನ ಚಿತ್ರ ಬಂದ ಮೇಲಂತೂ, ಫಿಲ್ಮಿನ ಮೇಲಿನ ಬೆಳ್ಳಿಯ ಅಂಶವನ್ನು ಬೇರ್ಪಡಿಸಿಕೊಳ್ಳಲು ರೀಲುಗಳನ್ನು ರಾಶಿರಾಶಿಯಾಗಿ ಕರಗಿಸಿದರು. ಮೂಕಿಯುಗದ ಅಮೆರಿಕನ್ ಪೂರ್ಣಾವಧಿ ಚಿತ್ರಗಳು ಸುಮಾರು 11,000. ಅವುಗಳಲ್ಲಿ ಮೂಲ ರೂಪದಲ್ಲಿ ಪೂರ್ತಿಯಾಗಿ ಉಳಿದಿರುವುದು ಕೇವಲ 14 ಪ್ರತಿಶತ ಎಂದು ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುತ್ತದೆ.

ಉಳಿದವು ಉಳಿದ ಬಗೆ ಇನ್ನೂ ಸ್ವಾರಸ್ಯ. ಕೆನಡಾದ ಡಾಸನ್ ಸಿಟಿಯಲ್ಲಿ ಹಳೆಯ ರೀಲುಗಳನ್ನು ಒಂದು ಈಜುಕೊಳಕ್ಕೆ ಸುರಿದು, ಮಣ್ಣು ಮುಚ್ಚಿ, ಮೇಲೆ ಸ್ಕೇಟಿಂಗ್ ಅಂಕಣ ಮಾಡಿದ್ದರು. 1978ರಲ್ಲಿ ಅಲ್ಲಿ ಅಗೆದಾಗ ಐನೂರಕ್ಕೂ ಹೆಚ್ಚು ರೀಲುಗಳು ಸಿಕ್ಕವು, ಹೆಪ್ಪುಗಟ್ಟಿದ ನೆಲ ಅವನ್ನು ಕಾಪಾಡಿತ್ತು. ಥಾನ್‌ಹೌಸರ್ ತನ್ನ ಸ್ಟುಡಿಯೋ ಹೂಡಿದ್ದೂ ಹಳೆಯದೊಂದು ಸ್ಕೇಟಿಂಗ್ ಕಟ್ಟಡದಲ್ಲೇ. ಆ ಕಂಪನಿಯ ಸಂಸ್ಥಾಪಕನ ಮೊಮ್ಮಗ ನೆಡ್ ಥಾನ್‌ಹೌಸರ್ ತನ್ನ ತಾತನ ಚಿತ್ರಗಳನ್ನು ಹಲವು ದೇಶಗಳ ಸಂಗ್ರಹಾಗಾರಗಳಲ್ಲಿ ಹುಡುಕಿ ಒಟ್ಟು ಮಾಡಿದ್ದಾನೆ. ಇವೆಲ್ಲ ನಿಮ್ಮ ಲೇಖನದಲ್ಲಿ ಒಂದು ಸಾಲಿಗೂ ಬಂದಿಲ್ಲ. ಕಂಪನಿಗೆ ಕಥೆಗಳನ್ನು ಹೊಸೆದು ಕೊಡುತ್ತಿದ್ದ ಲಾಯ್ಡ್ ಲೋನರ್ಗನ್ ಸ್ವತಃ ಪತ್ರಿಕಾ ಕಚೇರಿಯಿಂದ ಬಂದವನು ಎಂಬುದೂ ಇಲ್ಲ. ಪತ್ರಕರ್ತೆಯ ಚಿತ್ರದ ಬಗ್ಗೆ ಬರೆಯುವವರು ಇದನ್ನು ಹೇಗೆ ಬಿಟ್ಟಿರಿ?

ಇನ್ನೊಂದು ವಾಕ್ಯವನ್ನು ಕೆಂಪು ಶಾಯಿಯಲ್ಲಿ ಹೊಡೆದಿದ್ದೇನೆ: 'ಹೆಣ್ಣೊಬ್ಬಳು ಪತ್ರಿಕೆಯಲ್ಲಿ ದುಡಿಯುವುದನ್ನು ಕನಸಿನಲ್ಲೂ ಊಹಿಸಲಾಗದ ಕಾಲವದು.' ಕನಸೇಕೆ, ಆ ಚಿತ್ರಕ್ಕೆ 23 ವರ್ಷ ಮೊದಲೇ, 1887ರಲ್ಲಿ, ನೆಲ್ಲಿ ಬ್ಲೈ ಎಂಬಾಕೆ ಹುಚ್ಚಿಯಂತೆ ನಟಿಸಿ ನ್ಯೂಯಾರ್ಕಿನ ಬ್ಲ್ಯಾಕ್‌ವೆಲ್ಸ್ ದ್ವೀಪದ ಹುಚ್ಚಾಸ್ಪತ್ರೆ ಸೇರಿ, ಹತ್ತು ದಿನ ಒಳಗಿದ್ದು, ಅಲ್ಲಿನ ಕ್ರೌರ್ಯವನ್ನು 'ನ್ಯೂಯಾರ್ಕ್ ವರ್ಲ್ಡ್' ಪತ್ರಿಕೆಗೆ ಬರೆದಳು. (ನಮ್ಮ ನಂಜನಗೂಡು ತಿರುಮಲಾಂಬ ಹುಟ್ಟಿದ್ದೂ 1887ರಲ್ಲೇ. ಮುಂದೆ ಅವರು 'ಕರ್ನಾಟಕ ನಂದಿನಿ' ಎಂಬ ಪತ್ರಿಕೆಯನ್ನೇ ನಡೆಸಿದರು.) ಬ್ಲೈ ಪತ್ರಿಕೆಗೆ ಬಂದ ಬಗೆಯಂತೂ ನಿಮಗೆ ಗೊತ್ತಿರಲೇಬೇಕು. 1885ರಲ್ಲಿ ಪಿಟ್ಸ್‌ಬರ್ಗಿನ ಒಂದು ಪತ್ರಿಕೆಯ ಅಂಕಣಕಾರ, ಹೆಣ್ಣುಮಕ್ಕಳು ಯಾತಕ್ಕೆ ಲಾಯಕ್ಕು ಎಂದು ಕೊರೆದಿದ್ದ. ಆಕೆ ಸಿಟ್ಟಿನಿಂದ ಸಂಪಾದಕರಿಗೆ ಉತ್ತರ ಬರೆದು, ಕೆಳಗೆ 'ಒಂಟಿ ಅನಾಥ ಹುಡುಗಿ' ಎಂದಷ್ಟೇ ಸಹಿ ಹಾಕಿದಳು. ಸಂಪಾದಕ ಬರೆದವರು ಯಾರು, ಮುಂದೆ ಬನ್ನಿ ಎಂದು ಪತ್ರಿಕೆಯಲ್ಲೇ ಪ್ರಕಟಿಸಿದ. ಆಕೆ ಬಂದಳು, ಕೆಲಸ ಸಿಕ್ಕಿತು. ಆ ಪತ್ರದಲ್ಲಿ ಅಲಂಕಾರವಿತ್ತೋ ಇಲ್ಲವೋ, ಸಿಟ್ಟು ಮಾತ್ರ ಅವಳದೇ ಆಗಿತ್ತು.

ಹೀಗಾಗಿ 1910ರ ಪ್ರೇಕ್ಷಕರಿಗೆ ವರದಿಗಾರ್ತಿ ಹೊಸಬಳಲ್ಲ. ತೆರೆಯ ಮೇಲೆ ಆಕೆಯನ್ನು ಕಂಡಾಗ ಅವರು ಬೆರಗಾಗುವ ಬದಲು ಗುರುತು ಹಿಡಿದಿರಬೇಕು. ಶೀರ್ಷಿಕೆಯ 'ಗರ್ಲ್' ಪದವನ್ನೂ ನೀವು ಗಮನಿಸಬೇಕಿತ್ತು. ನೀವು ಅದನ್ನು 'ಧೀರ ಪತ್ರಕರ್ತೆ' ಎಂದು ಕನ್ನಡಿಸಿದಿರಿ. ಮೂಲದಲ್ಲಿ ಧೀರತೆ ಎಲ್ಲಿದೆ? 'ವರದಿಗಾರ ಹುಡುಗಿ' ಎಂದಷ್ಟೇ ಇದೆ. ಗಂಡಸನ್ನು ಯಾರೂ 'ವರದಿಗಾರ ಹುಡುಗ' ಎನ್ನುವುದಿಲ್ಲ, ಅವನು ಬರಿಯ ವರದಿಗಾರ. ಆ ಒಂದು ಪದದ ಮೇಲೆ ಎರಡು ಪುಟ ಬರೆಯಬಹುದು.

ಇನ್ನು ನಿಮ್ಮ ಪತ್ರ. 'ಮೂರು ತಿಂಗಳು ಹುಡುಕಿದೆ, ಕೊನೆಗೆ ಸಿಕ್ಕಿದ್ದು ಅರ್ಧ ಅಂಕಣ. ಓದಿದ ರಾತ್ರಿ ಯಾರ ಮೇಲೆಂದು ತಿಳಿಯದೆ ಸಿಟ್ಟು ಬಂತು' ಎಂದು ಬರೆದಿದ್ದೀರಿ. ಅದರ ಕೆಳಗೆ, ನಿಮ್ಮ ಚಿಕ್ಕಮ್ಮ ಜಿಲ್ಲಾ ಪತ್ರಿಕೆಯೊಂದಕ್ಕೆ ಒಂಬತ್ತು ವರ್ಷ ವರದಿ ಮಾಡಿದರೆಂದೂ, ಅವರ ಹೆಸರು ಅಚ್ಚಾದ ಸಂಚಿಕೆಗಳ ಕಟ್ಟುಗಳು ಮನೆ ಬದಲಾಯಿಸುವಾಗ ರದ್ದಿಗೆ ಹೋದವೆಂದೂ ಒಂದೇ ಸಾಲು. ಹನ್ನೊಂದು ಪುಟದ ಲೇಖನದಲ್ಲಿ ಸಿಗದ ನೀವು ಈ ಅರ್ಧ ಪುಟದಲ್ಲಿ ಸಿಕ್ಕಿರಿ. ಇದನ್ನು ಪತ್ರದಲ್ಲಿಟ್ಟು, ಕಂಡಿಲ್ಲದ ಕಣ್ಣೀರನ್ನು ಲೇಖನದಲ್ಲಿ ಇಟ್ಟಿರಲ್ಲ!

ಹಸ್ತಪ್ರತಿಯನ್ನು ಗುರುತು ಹಾಕಿ ಹಿಂತಿರುಗಿಸುತ್ತಿದ್ದೇನೆ. ಎರಡರಿಂದ ಒಂಬತ್ತನೆಯ ಪುಟದವರೆಗೆ ತಿದ್ದುವ ಗೋಜಿಗೆ ಹೋಗಿಲ್ಲ, ಅವನ್ನು ತೆಗೆದುಬಿಡಿ. ಹುಡುಕಾಟವನ್ನು ಹುಡುಕಿದ ಕ್ರಮದಲ್ಲೇ ಬರೆಯಿರಿ, ಏನೂ ಸಿಗದ ದಿನಗಳನ್ನೂ ಸೇರಿಸಿ. ಸಾವಿರದೈನೂರು ಪದ ಸಾಕು. ಅದಕ್ಕೆ ಮೊದಲು ಚಿಕ್ಕಮ್ಮನವರನ್ನು ಒಮ್ಮೆ ಕೇಳಿ: ಯಾವುದಾದರೂ ವರದಿಯನ್ನು ಕತ್ತರಿಸಿ ಡೈರಿಯಲ್ಲೋ ಟ್ರಂಕಿನ ತಳದಲ್ಲೋ ಇಟ್ಟುಕೊಂಡಿದ್ದಾರೆಯೇ? ಇದ್ದರೆ ಫೋಟೊ ತೆಗೆದು ಕಳುಹಿಸಿ, ಲೇಖನದ ಜೊತೆ ಹಾಕೋಣ. ಇಲ್ಲವೆಂದರೆ, ಇಲ್ಲವೆನ್ನುವಾಗ ಅವರು ಏನು ಹೇಳಿದರೋ ಅದನ್ನು ಬರೆದುಕೊಂಡು ಬನ್ನಿ.

ನಿಮ್ಮ,
ಸಂಪಾದಕ