ಮನೆ ಲೆಕ್ಕ: ಇಬ್ಬರ ಸಂಬಳ, ಒಂದೇ ಅಡುಗೆಮನೆ

ಪ್ರಶ್ನೆ: ನಮ್ಮ ಮದುವೆಯಾಗಿ ಹದಿನಾಲ್ಕು ತಿಂಗಳಾಯಿತು. ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ನಮ್ಮ ಯಜಮಾನರ ಕೈಗೆ ಬರುವ ಸಂಬಳ 62,000 ರೂಪಾಯಿ, ನನ್ನದು 38,000. ಬಾಡಿಗೆ 19,000, ದಿನಸಿ, ಹಾಲು, ತರಕಾರಿ, ಗ್ಯಾಸ್ ಸೇರಿ 14,000, ಕರೆಂಟು, ನೀರು, ಇಂಟರ್‌ನೆಟ್‌ಗೆ 3,500, ಇಬ್ಬರ ಓಡಾಟಕ್ಕೆ 6,000. ಮದುವೆಯ ಖರ್ಚಿಗೆಂದು ಅವರು ಶೇ 14ರ ಬಡ್ಡಿಗೆ, ಐದು ವರ್ಷದ ಅವಧಿಗೆ 6 ಲಕ್ಷ ವೈಯಕ್ತಿಕ ಸಾಲ ಮಾಡಿದ್ದಾರೆ; ಅದರ ಕಂತು 13,961. ಹಾಸನ ಜಿಲ್ಲೆಯ ಊರಿನಲ್ಲಿರುವ ಅತ್ತೆ ಮಾವನಿಗೆ 12,000 ಕಳಿಸುತ್ತಾರೆ. ತಿಪಟೂರಿನಲ್ಲಿ ಒಬ್ಬರೇ ಇರುವ ನನ್ನ ತಾಯಿಗೆ ನಾನೂ 5,000 ಕಳಿಸುತ್ತೇನೆ ಎಂದಾಗ, ‘ಮೊದಲು ಸಾಲ ತೀರಲಿ, ಬೇಕಿದ್ದರೆ ನಿನ್ನ ಒಡವೆ ಅಡವಿಟ್ಟು ತೀರಿಸೋಣ, ಆಮೇಲೆ ಕಳಿಸುವೆಯಂತೆ’ ಎಂದರು. ತಿಂಗಳ ಕೊನೆಗೆ ಇಬ್ಬರ ಖಾತೆಯಲ್ಲೂ ಏನೂ ಉಳಿಯುವುದಿಲ್ಲವೆಂಬುದು ನಿಜ. ನಾನು ಹಟ ಮಾಡುವುದು ತಪ್ಪೇ?
– ಹೆಸರು ಬೇಡ, ಬೆಂಗಳೂರು

ಉತ್ತರ: ಉತ್ತರ ಬರೆಯುವ ಮೊದಲು ನೀವು ಕೊಟ್ಟ ಅಂಕಿಗಳನ್ನೇ ಒಂದು ಚೀಟಿಯ ಮೇಲೆ ಕೂಡಿಸಿದೆ. ಮನೆ ಖರ್ಚು, ಕಂತು, ಅತ್ತೆ ಮಾವನಿಗೆ ಹೋಗುವ ಹಣ ಎಲ್ಲವೂ ಸೇರಿ 68,461 ಆಗುತ್ತದೆ. ನಿಮ್ಮಿಬ್ಬರ ಸಂಬಳ ಸರಿಯಾಗಿ ಒಂದು ಲಕ್ಷ. ಉಳಿದ 31,539 ರೂಪಾಯಿ ಎಲ್ಲಿ ಹೋಯಿತೆಂದು ನಿಮ್ಮ ಪತ್ರದಲ್ಲಿ ಎಲ್ಲಿಯೂ ಇಲ್ಲ. ಐದು ಸಾವಿರಕ್ಕಾಗಿ ಮನೆಯಲ್ಲಿ ಮಾತು ಬೆಳೆಯುತ್ತಿರುವಾಗ, ಅದರ ಆರು ಪಟ್ಟಿಗೂ ಹೆಚ್ಚಿನ ಹಣ ಪ್ರತಿ ತಿಂಗಳೂ ಯಾರ ಗಮನಕ್ಕೂ ಬಾರದೆ ಕರಗುತ್ತಿದೆ. ಮದುವೆಯಾದ ಮೊದಲ ವರ್ಷ ಇದು ಎಲ್ಲರ ಮನೆಯಲ್ಲೂ ಆಗುವುದೇ: ಗೌರಿ ಹಬ್ಬದ ಬಾಗಿನ, ದೀಪಾವಳಿಗೆ ಊರಿಗೆ ಹೋಗಿ ಬರುವ ಖರ್ಚು, ಎರಡೂ ಕಡೆಯ ನಾಮಕರಣ ಗೃಹಪ್ರವೇಶಗಳ ಮುಯ್ಯಿ, ವಾರಕ್ಕೆರಡು ಬಾರಿ ಫೋನಿನಲ್ಲಿ ತರಿಸುವ ಊಟ. ಆದ್ದರಿಂದ ಬೇರೆಲ್ಲ ಮಾತಿಗೆ ಮೊದಲು ಇಬ್ಬರೂ ಕುಳಿತು ಕಳೆದ ಮೂರು ತಿಂಗಳ ಯುಪಿಐ ಪಾವತಿಗಳ ಪಟ್ಟಿಯನ್ನು ಒಟ್ಟಿಗೆ ನೋಡಿ. ಅವರದನ್ನು ನೀವು, ನಿಮ್ಮದನ್ನು ಅವರು ಓದಿದರೆ ಇನ್ನೂ ಒಳ್ಳೆಯದು.

ಇನ್ನು ನಿಮ್ಮ ತಾಯಿಯ ವಿಷಯ. ಅತ್ತೆ ಮಾವನಿಗೆ ಹೋಗುವ 12,000 ಮನೆಯ ಖರ್ಚೆಂದು ಲೆಕ್ಕಕ್ಕೆ ಬರುವುದಾದರೆ, ತಾಯಿಗೆ ಹೋಗುವ 5,000 ಕೂಡ ಅದೇ ಸಾಲಿನಲ್ಲಿ ಬರಬೇಕು. ಒಂದು ಕರ್ತವ್ಯವೂ ಇನ್ನೊಂದು ಹಟವೂ ಆಗಲಾರದು. ಹೆತ್ತವರನ್ನು ನೋಡಿಕೊಳ್ಳುವ ಹೊಣೆಯ ಬಗ್ಗೆ 2007ರಲ್ಲಿ ಬಂದ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯ್ದೆ ಮಗ, ಮಗಳು ಎಂದು ಭೇದ ಮಾಡುವುದಿಲ್ಲ, ಮಗಳಿಗೆ ಮದುವೆಯಾದರೆ ಹೊಣೆ ತಪ್ಪಿತೆಂದೂ ಹೇಳುವುದಿಲ್ಲ. ಇದನ್ನು ಯಜಮಾನರೆದುರು ವಾದಕ್ಕಾಗಿ ಓದಿ ಹೇಳಿ ಎನ್ನುತ್ತಿಲ್ಲ. ನಿಮ್ಮ ಮನಸ್ಸಿನಲ್ಲಿರುವ ಅಳುಕು ಹೋಗಲೆಂದು ಬರೆದೆ.

ಒಡವೆಯ ವಿಚಾರದಲ್ಲಿ ಸ್ವಲ್ಪ ನಿಧಾನಿಸಿ. ಬ್ಯಾಂಕಿನ ಚಿನ್ನದ ಸಾಲಕ್ಕೆ ಬಡ್ಡಿ ಸಾಮಾನ್ಯವಾಗಿ ವೈಯಕ್ತಿಕ ಸಾಲಕ್ಕಿಂತ ಕಡಿಮೆ ಇರುವುದರಿಂದ ಬರೀ ಲೆಕ್ಕದ ದೃಷ್ಟಿಯಿಂದ ಯಜಮಾನರ ಮಾತನ್ನು ತೆಗೆದುಹಾಕುವಂತಿಲ್ಲ. ಆದರೆ ತವರಿನವರು ನಿಮಗೆ ಕೊಟ್ಟ ಚಿನ್ನ ಸ್ತ್ರೀಧನ. ಅದು ನಿಮ್ಮೊಬ್ಬರ ಸ್ವತ್ತು. ಕಷ್ಟಕಾಲದಲ್ಲಿ ಗಂಡ ಅದನ್ನು ಬಳಸಿಕೊಳ್ಳಬಹುದಾದರೂ ಹಿಂದಿರುಗಿಸುವ ನೈತಿಕ ಹೊಣೆ ಅವನ ಮೇಲಿರುತ್ತದೆಂದು ಸುಪ್ರೀಂ ಕೋರ್ಟ್ 2024ರ ಏಪ್ರಿಲ್‌ನಲ್ಲಿಯೂ ಹೇಳಿದೆ. ಕೊಡಲು ನಿಮಗೆ ಮನಸ್ಸಿದ್ದರೆ ಕೊಡಿ. ಆದರೆ ಎಷ್ಟು ಗ್ರಾಂ, ಯಾವ ತಿಂಗಳೊಳಗೆ ಬಿಡಿಸಬೇಕು ಎಂಬುದನ್ನು ಇಬ್ಬರೂ ಬರೆದಿಟ್ಟುಕೊಳ್ಳಿ. ಗಡುವು ಮೀರಿದರೆ ಅಡವಿಟ್ಟ ಒಡವೆ ಹರಾಜಿಗೆ ಹೋಗುತ್ತದೆ. ನನ್ನ ಅಭಿಪ್ರಾಯದಲ್ಲಿ ನಿಮ್ಮ ಮನೆಗೆ ಅದರ ಅಗತ್ಯವೇ ಇಲ್ಲ.

ನಿಮ್ಮ ಜಾಗದಲ್ಲಿದ್ದರೆ ನಾನು ಹೀಗೆ ಮಾಡುತ್ತಿದ್ದೆ. ಇಬ್ಬರ ಹೆಸರಿನಲ್ಲೂ ಒಂದು ಜಂಟಿ ಖಾತೆ ತೆರೆದು, ಸಂಬಳ ಬಂದ ದಿನವೇ ಅವರು 58,000, ನೀವು 34,000 ಅದಕ್ಕೆ ಹಾಕುವುದು. ಉಳಿದ ನಾಲ್ಕು ನಾಲ್ಕು ಸಾವಿರ ಅವರವರ ಕೈಖರ್ಚಿಗೆ. ಅದರ ಲೆಕ್ಕವನ್ನು ಒಬ್ಬರು ಇನ್ನೊಬ್ಬರಿಗೆ ಕೇಳಕೂಡದು. ಹೊಣೆ ಸಂಬಳಕ್ಕೆ ತಕ್ಕಂತೆ ಇರಲಿ, ಕೈಖರ್ಚು ಮಾತ್ರ ಸಮವಾಗಿರಲಿ. ಕಡಿಮೆ ಗಳಿಸುವವರು ಒಂದು ಸೀರೆಗಾಗಿ ಕೈಯೊಡ್ಡಬೇಕಾದ ಮನೆಯಲ್ಲಿ ಮುಚ್ಚುಮರೆ ಶುರುವಾಗುತ್ತದೆ. ಜಂಟಿ ಖಾತೆಯ 92,000ದಲ್ಲಿ ನಿಮ್ಮ ತಾಯಿಯ 5,000ವೂ ಸೇರಿ ಗೊತ್ತಾದ ಖರ್ಚು 73,461. ಹಬ್ಬ ಮುಯ್ಯಿಗಳಿಗೆ ತಿಂಗಳಿಗೆ 3,500 ಎತ್ತಿಟ್ಟರೂ 15,000 ಮಿಗುತ್ತದೆ. ಮೊದಲ ಐದು ತಿಂಗಳು ಅದನ್ನು ಮುಟ್ಟದೆ 75,000 ಆಪದ್ಧನ ಮಾಡಿಕೊಳ್ಳಿ, ಏಕೆಂದರೆ ಒಬ್ಬರ ಕೆಲಸ ಹೋದರೆ ಒಂದು ತಿಂಗಳಾದರೂ ಮನೆ ನಡೆಯಬೇಕು. ಅಲ್ಲಿಂದ ಮುಂದೆ 5,000 ಅದಕ್ಕೇ ಸೇರುತ್ತ ಹೋಗಲಿ, 10,000 ಸಾಲದ ಅಸಲಿಗೆ ಹೋಗಲಿ. ಆಗ ಬಾಕಿಯಿರುವ 41 ಕಂತುಗಳ ಬದಲು 22 ತಿಂಗಳಲ್ಲಿ ಸಾಲ ತೀರುತ್ತದೆ, ಬಡ್ಡಿಯಲ್ಲಿ ಸುಮಾರು 57,000 ಉಳಿಯುತ್ತದೆ. ಭಾಗಶಃ ಮುಂಗಡ ಪಾವತಿಗೆ ಶುಲ್ಕವಿದೆಯೇ ಎಂದು ಸಾಲದ ಕರಾರುಪತ್ರವನ್ನು ಮೊದಲು ನೋಡಿಕೊಳ್ಳಿ.

ಪ್ರಶ್ನೆ: ದಾವಣಗೆರೆಯಲ್ಲಿ ನನ್ನದೊಂದು ಸಣ್ಣ ಬಟ್ಟೆ ಅಂಗಡಿ ಇದೆ. ಮದುವೆ ಸೀಸನ್ನಿನಲ್ಲಿ ತಿಂಗಳಿಗೆ 60,000 ಉಳಿದರೆ, ಆಷಾಢದಲ್ಲಿ 25,000 ಆದರೆ ಹೆಚ್ಚು. ಹೆಂಡತಿ ಮನೆ ನೋಡಿಕೊಳ್ಳುತ್ತಾಳೆ, ಕೇಳಿದಾಗಲೆಲ್ಲ ಹಣ ಕೊಡುತ್ತೇನೆ. ಮೊನ್ನೆ ಸಾಸಿವೆ ಡಬ್ಬಿಯಲ್ಲಿ 23,000 ಸಿಕ್ಕಿತು, ಬೇಸರವಾಯಿತು. ಸ್ನೇಹಿತನೊಬ್ಬ ನಡೆಸುವ 2 ಲಕ್ಷದ ಚೀಟಿಗೆ ಸೇರುವ ಯೋಚನೆಯಿದೆ. ಆ ಹಣವನ್ನು ಕೇಳಬಹುದೇ?
– ಒಬ್ಬ ಓದುಗ, ದಾವಣಗೆರೆ

ಉತ್ತರ: ಕೇಳಬೇಡಿ. ನೀವು ಡಬ್ಬಿ ತೆರೆದದ್ದನ್ನೂ ಹೇಳಬೇಡಿ ಎನ್ನೋಣವೆಂದರೆ, ಡಬ್ಬಿ ಜರುಗಿದ್ದು ಅವರಿಗೆ ಈಗಾಗಲೇ ಗೊತ್ತಾಗಿರುತ್ತದೆ. ‘ಕೇಳಿದಾಗಲೆಲ್ಲ ಕೊಡುತ್ತೇನೆ’ ಎಂದು ನೀವು ಔದಾರ್ಯದಿಂದ ಬರೆದಿರುವಿರಿ. ಆದರೆ ಪ್ರತಿ ಸಲ ಕೇಳಬೇಕಾದವರು ಕೇಳಬೇಕಾಗದ ಒಂದು ದಿನಕ್ಕಾಗಿ ಕೂಡಿಟ್ಟಿದ್ದಾರೆ. ಅದಕ್ಕೆ ಪರಿಹಾರ ನಿಮ್ಮ ಕೈಯಲ್ಲೇ ಇದೆ. ಅಂಗಡಿಯಿಂದ ಮನೆಗೆ ಒಂದು ಸಂಬಳ ನಿಗದಿ ಮಾಡಿ. ಅದು ಆಷಾಢದಲ್ಲೂ ಕೊಡಲಾಗುವಷ್ಟಿರಲಿ, ಅಂದರೆ ನಿಮ್ಮ ಲೆಕ್ಕದಲ್ಲಿ 25,000. ಪ್ರತಿ ತಿಂಗಳು ಒಂದನೇ ತಾರೀಖು ಹೆಂಡತಿಯ ಖಾತೆಗೆ ಹೋಗಲಿ. ಒಳ್ಳೆಯ ತಿಂಗಳುಗಳ ಹೆಚ್ಚುವರಿಯನ್ನು ಗಲ್ಲಾದಲ್ಲಿ ಬಿಡದೆ ಬೇರೆ ಖಾತೆಗೆ ಹಾಕಿ. ಮಾಲು ತರಲು ಕೈ ಹಾಕುವುದು ಯಾವಾಗಲೂ ಗಲ್ಲಾಕ್ಕೇ.

ಚೀಟಿಯ ಬಗ್ಗೆ ನನಗೆ ತಕರಾರಿಲ್ಲ, ನಿಮ್ಮ ಸ್ನೇಹಿತರ ಚೀಟಿಯ ಬಗ್ಗೆ ಇದೆ. 1982ರ ಚಿಟ್ ಫಂಡ್ ಕಾಯ್ದೆಯಂತೆ ಚೀಟಿ ನೋಂದಣಿಯಾಗಿರಬೇಕು. 2019ರ ತಿದ್ದುಪಡಿಯ ನಂತರ ನಡೆಸುವವರು ಪಡೆಯಬಹುದಾದ ಕಮಿಷನ್ ಗರಿಷ್ಠ ಶೇ 7. ನೋಂದಣಿ ಸಂಖ್ಯೆ ಕೇಳಿದಾಗ ಅವರು ನಗುತ್ತ ಮಾತು ಬದಲಿಸಿದರೆ ಅಲ್ಲಿಗೇ ಬಿಡಿ. ಚೀಟಿಯೇ ಬೇಕೆಂದರೆ ರಾಜ್ಯ ಸರ್ಕಾರದ ಎಂಎಸ್‌ಐಎಲ್ ಕೂಡ ನಡೆಸುತ್ತದೆ. ಆದರೂ ಏರಿಳಿತದ ಆದಾಯದವರಿಗೆ ತಪ್ಪಿಸಲಾಗದ ಕಂತು ಹಿತವಲ್ಲ. ಆಷಾಢದಲ್ಲಿ ಕಂತು ತಪ್ಪಿದರೆ ಸ್ನೇಹವೂ ಕೆಡುತ್ತದೆ.

ಪ್ರಶ್ನೆ: ಮದುವೆಗೆ ಮುಂಚೆ ಪಿಎಫ್, ಬ್ಯಾಂಕ್ ಖಾತೆ ಎಲ್ಲದಕ್ಕೂ ಅಮ್ಮನನ್ನೇ ನಾಮಿನಿ ಮಾಡಿದ್ದೆ. ಈಗ ಹೆಂಡತಿಯ ಹೆಸರು ಹಾಕಿಸಿದರೆ ಅಮ್ಮ ನೊಂದುಕೊಳ್ಳುತ್ತಾರೆಂಬ ಭಯ.
– ಒಬ್ಬ ಓದುಗ, ಶಿವಮೊಗ್ಗ

ಉತ್ತರ: ಒಬ್ಬರನ್ನು ತೆಗೆದು ಇನ್ನೊಬ್ಬರನ್ನು ಹಾಕಬೇಕೆಂದೇನೂ ಇಲ್ಲ. 2025ರ ನವೆಂಬರ್ 1ರಿಂದ ಬ್ಯಾಂಕ್ ಠೇವಣಿಗೆ ನಾಲ್ವರವರೆಗೆ ನಾಮಿನಿಗಳನ್ನು, ಯಾರಿಗೆ ಶೇಕಡಾ ಎಷ್ಟು ಎಂಬ ಪಾಲಿನೊಂದಿಗೆ ಸೂಚಿಸಬಹುದು. ಪಿಎಫ್‌ನಲ್ಲೂ ಪಾಲು ಹಂಚಿ ಬರೆಯಲು ಅವಕಾಶವಿದೆ, ಮದುವೆಯಾದ ಮೇಲೆ ಅದನ್ನು ಹೊಸದಾಗಿ ಸಲ್ಲಿಸುವುದೇ ಸರಿ. ಬ್ಯಾಂಕ್ ಠೇವಣಿಯಲ್ಲಿ ನಾಮಿನಿ ಹಣವನ್ನು ಪಡೆಯುವವರಷ್ಟೇ, ವಾರಸುದಾರರಲ್ಲ ಎಂಬುದೂ ತಿಳಿದಿರಲಿ. ಉಯಿಲು ಬರೆಯದೆ ತೀರಿಕೊಂಡ ಹಿಂದೂ ಪುರುಷನ ಸ್ವಯಾರ್ಜಿತ ಆಸ್ತಿಯಲ್ಲಿ ತಾಯಿ, ಹೆಂಡತಿ, ಮಕ್ಕಳು ಸಮಾನ ಹಕ್ಕುದಾರರು. ಇಬ್ಬರ ಹೆಸರನ್ನೂ ಹಾಕಿಸಿ, ಆ ಕಾಗದವನ್ನು ಅಮ್ಮನಿಗೆ ನೀವೇ ಓದಿ ಹೇಳಿ.