ಬಡ್ತಿ ಸಿಕ್ಕಿದ ವರ್ಷವೇ ಆದಾಯ ಇಳಿದಾಗ

ಶಿರಸಿ ಸುತ್ತಮುತ್ತ ಮನೆಯಲ್ಲೇ ಕೂತು ಬೆಂಗಳೂರಿನ ಟೆಕ್ ಕಂಪನಿಗಳಿಗೆ ಕೆಲಸ ಮಾಡುವವರು ಕೊರೊನಾ ನಂತರ ಜಾಸ್ತಿಯಾದರು. "ಪ್ರಮೋಷನ್ ಆಯ್ತು, ದುಡ್ಡು ಕಡಿಮೆ ಆಯ್ತು" ಎನ್ನುತ್ತಾ ಆಪ್ತಸಲಹೆಗಾರ್ತಿಯಾದ ನನ್ನ ಬಳಿ ಬರುವವರೂ ಹೆಚ್ಚಿದ್ದಾರೆ. ಅವರಲ್ಲಿ ಒಬ್ಬರ ಕಥೆಯನ್ನು ಅವರ ಒಪ್ಪಿಗೆ ಪಡೆದು, ಗುರುತು ಮತ್ತು ಅಂಕಿಗಳನ್ನು ಬದಲಿಸಿ ಬರೆಯುತ್ತಿದ್ದೇನೆ.

ಮೂವತ್ತು ದಾಟಿದ ಸಾಫ್ಟ್‌ವೇರ್ ಇಂಜಿನಿಯರ್. ಅಮೆರಿಕದ ಕಂಪನಿಯೊಂದರ ಬೆಂಗಳೂರು ಶಾಖೆ. ಊರಲ್ಲಿ ಅಪ್ಪ, ಆಯಿ, ಅಡಿಕೆ ತೋಟ. ಬೆಂಗಳೂರಲ್ಲಿ ಸಾಲ ಮಾಡಿ ಕೊಂಡ ಫ್ಲ್ಯಾಟ್. ಸೀನಿಯರ್ ಹುದ್ದೆಗೆ ಬಡ್ತಿ ಸಿಕ್ಕಿದ್ದನ್ನು ಅಪ್ಪ ನೆಂಟರಿಗೆಲ್ಲ ಫೋನ್ ಮಾಡಿ ಹೇಳಿದ್ದರು. ಮಗನಿಗೆ ಮಾತ್ರ ರಾತ್ರಿ ಎರಡಾದರೂ ನಿದ್ದೆ ಇಲ್ಲ.

ಮೊದಲ ಭೇಟಿಯಲ್ಲಿ ಅವರು ಒಂದೇ ಮಾತು ಹಿಡಿದಿದ್ದರು: "ಕಂಪನಿಗೆ ನಾನು ಬೇಡವಾಗಿದ್ದೀನಿ ಮೇಡಂ. ಬಡ್ತಿ ಅಂತ ಹೇಳಿ ಸಂಬಳ ಕತ್ತರಿಸಿದ್ದಾರೆ."

ಎರಡನೇ ಸಲ ಬಂದಾಗ ಕಾಗದ, ಪೆನ್ನು ಕೊಟ್ಟೆ. ಸಂಬಳ, ಬೋನಸ್, ಅದರ ಜೊತೆ ಕಂಪನಿ ಕೊಡುವ ತನ್ನ ಶೇರು ಎಂದು ಬೇರೆ ಬೇರೆ ಬರೆಯಲು ಹೇಳಿದೆ. ಕಳೆದ ವರ್ಷ ಸಂಬಳ 30 ಲಕ್ಷ, ಬೋನಸ್ 3 ಲಕ್ಷ, ಶೇರು 20 ಲಕ್ಷ. ಒಟ್ಟು 53. ಈ ವರ್ಷ ಸಂಬಳ 34 ಲಕ್ಷ, ಬೋನಸ್ ಸಂಬಳದ 15 ಪರ್ಸೆಂಟಿಗೆ ಏರಿ 5.1 ಲಕ್ಷ, ಶೇರು 6 ಲಕ್ಷ. ಒಟ್ಟು 45.1. ಬರೆದು ಮುಗಿಸಿ ಅವರೇ ಹೇಳಿದರು, "ಸಂಬಳ ಇಳಿದೇ ಇಲ್ಲ. ಇಳಿದಿದ್ದು ಶೇರು ಮಾತ್ರ."

ಆ 20 ಲಕ್ಷ ಎಲ್ಲಿಂದ ಬಂದಿತ್ತು? ಕೆಲಸಕ್ಕೆ ಸೇರುವಾಗ 40 ಲಕ್ಷ ಬೆಲೆಯ ಶೇರನ್ನು ನಾಲ್ಕು ವರ್ಷಕ್ಕೆ ಹಂಚಿ ಕೊಡುತ್ತೇವೆ ಎಂದಿದ್ದರು. ವರ್ಷಕ್ಕೆ 10 ಲಕ್ಷದ್ದು. ಅಷ್ಟರಲ್ಲಿ ಶೇರಿನ ಬೆಲೆ ಎರಡರಷ್ಟಾಯಿತು. ಹಾಗಾಗಿ ಕೊನೆಯ ವರ್ಷ ಅದೇ ಶೇರುಗಳಿಗೆ 20 ಲಕ್ಷ ಬೆಲೆ ಬಂತು. ನಾಲ್ಕು ವರ್ಷ ಮುಗಿಯಿತು, ಆ ಶೇರೂ ಮುಗಿಯಿತು. ನಡುವೆ ಬೇರೆ ಶೇರು ಕೊಟ್ಟಿರಲಿಲ್ಲ. ಬಡ್ತಿಯ ಜೊತೆ ಬಂದ ಹೊಸ ಶೇರು ಈಗಿನ ದುಬಾರಿ ಬೆಲೆಯ ಲೆಕ್ಕದಲ್ಲಿ ಬಂದದ್ದು, ಸಂಖ್ಯೆ ಕಡಿಮೆ.

ಆಗ ಕೇಳಿದೆ, "ಬಡ್ತಿ ಸಿಗದೇ ಇದ್ದಿದ್ರೆ ಈ ವರ್ಷ ಎಷ್ಟು ಬರ್ತಿತ್ತು?"

ಈ ಲೆಕ್ಕವನ್ನು ಅವರು ಹಾಕಿಯೇ ಇರಲಿಲ್ಲ. ಮಾಮೂಲಿ ಇಂಕ್ರಿಮೆಂಟ್ ಸೇರಿ ಸಂಬಳ 32, ಬೋನಸ್ 3.2, ಶೇರು ಇಲ್ಲ. ಒಟ್ಟು 35.2 ಲಕ್ಷ. ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದರು: "ನಾಲ್ಕನೇ ವರ್ಷಕ್ಕೆ ಮುಗಿಯುತ್ತೆ ಅಂತ ನನಗೆ ಗೊತ್ತಿತ್ತು ಮೇಡಂ. ಆಫರ್ ಲೆಟರ್‌ನಲ್ಲೇ ಇತ್ತು. ಬಡ್ತಿ ಬಂದರೆ ಎಲ್ಲ ತುಂಬಿಕೊಳ್ಳುತ್ತೆ ಅಂತ ಫ್ಲ್ಯಾಟ್ ತಗೊಂಡೆ. ಅಪ್ಪನಿಗೆ ಇದನ್ನ ಹೇಗೆ ಹೇಳಲಿ?"

ನಿದ್ದೆ ಕೆಡಿಸಿದ್ದು ಇದು. ಕಂಪನಿಯ ಮೇಲಿನ ಸಿಟ್ಟಿನ ಅಡಿಯಲ್ಲಿ ಸಾಲದ ಭಯ ಇತ್ತು, ಅದರ ಅಡಿಯಲ್ಲಿ ಅಪ್ಪನ ಮುಂದೆ ಸಣ್ಣವನಾಗುವ ಭಯ. ನಾನು ಹೇಳಿದೆ, "ಅಡಿಕೆಗೆ ಒಂದು ವರ್ಷ ಒಳ್ಳೆ ದರ ಬಂತು ಅಂತ ನಿಮ್ಮಪ್ಪ ಅದನ್ನೇ ಕಾಯಂ ಆದಾಯ ಅಂತ ಹಿಡಿದಿರಲಿಕ್ಕಿಲ್ಲ. ದರ ಇಳಿದ ವರ್ಷ ತೋಟ ಹಾಳಾಯ್ತು ಅಂತಲೂ ಅಂದುಕೊಂಡಿರಲಿಕ್ಕಿಲ್ಲ. ನೀವು ಹೇಳೋದು ಅವರಿಗೆ ಎಲ್ಲರಿಗಿಂತ ಬೇಗ ಅರ್ಥ ಆಗುತ್ತೆ."

ಆಪ್ತಸಲಹೆಗಾರ್ತಿಗೆ ಶೇರಿನ ಲೆಕ್ಕ ಯಾಕೆ ಎಂದು ಕೇಳುವವರಿದ್ದಾರೆ. ಭಾವನೆ ಕೇಳಿಸಿಕೊಂಡು, ಉಸಿರಾಟದ ಅಭ್ಯಾಸ ಹೇಳಿಕೊಟ್ಟರೆ ಸಾಕಲ್ವಾ ಅಂತ. ಸಾಲದು. "ನನಗೆ ಬೆಲೆ ಇಲ್ಲ" ಎಂಬ ನೋವು ತಪ್ಪು ಲೆಕ್ಕದ ಮೇಲೆ ನಿಂತಿದ್ದಾಗ, ಲೆಕ್ಕ ಬಿಡಿಸದೆ ಸುಮ್ನೆ ಸಮಾಧಾನ ಹೇಳುವುದು ಆ ಮನುಷ್ಯನಿಗೆ ಮಾಡುವ ಅನ್ಯಾಯ. ಹಾಗಂತ "53 ಲಕ್ಷದವರಿಗೆ ಏನು ಕಷ್ಟ" ಎನ್ನುವ ಮಾತನ್ನೂ ನಾನು ಒಪ್ಪುವುದಿಲ್ಲ. ಕಂತು ಕಟ್ಟುವವರಿಗೆ ಕಂತಿನ ಭಯ ನಿಜವೇ.

ಎಲ್ಲರ ಕಾರಣವೂ ಶೇರೇ ಆಗಿರುವುದಿಲ್ಲ. ಕುಮಟಾ ಕಡೆಯ ಒಬ್ಬ ಹುಡುಗಿಗೆ ಟೀಮ್ ಲೀಡ್ ಆದಮೇಲೆ ರಾತ್ರಿ ಪಾಳಿಯ ಭತ್ಯೆ ನಿಂತುಹೋಯಿತು. ಕೆಲವರಿಗೆ ಸೇರುವಾಗಿನ ಜಾಯಿನಿಂಗ್ ಬೋನಸ್ ಮುಗಿದಿರುತ್ತದೆ. ಇನ್ನು ಕೆಲವರನ್ನು ಹೊಸ ಹುದ್ದೆಯ ಸಂಬಳದ ಕೆಳಗಿನ ಮೆಟ್ಟಿಲಲ್ಲೇ ಕೂರಿಸಿರುತ್ತಾರೆ. ಮೊದಲ ವರ್ಷ ರೇಟಿಂಗ್ ಇಳಿದರೆ ಬೋನಸ್ಸೂ ಇಳಿಯುತ್ತದೆ.

ಈ ಇಂಜಿನಿಯರಿಗೆ ನಾನು ಹೇಳಿದ್ದು ಇಷ್ಟು. ಈ ಸಿಟ್ಟಿನಲ್ಲಿ ರಾಜೀನಾಮೆ ಬರೆಯಬೇಡಿ. ಮನೆ ಖರ್ಚು ಮತ್ತು ಕಂತು ತಿಂಗಳ ಸಂಬಳದಲ್ಲೇ ಮುಗಿಯುವಂತೆ ಬ್ಯಾಂಕಿನವರ ಹತ್ತಿರ ಮಾತಾಡಿ. ಶೇರಿನ ದುಡ್ಡನ್ನು ಬಂದಮೇಲೆ ಎಣಿಸಿ, ಬರುವ ಮೊದಲೇ ಅಲ್ಲ. ತೆರಿಗೆಯನ್ನೂ ಮರೆಯಬೇಡಿ, ಶೇರು ಕೈಗೆ ಬಂದ ದಿನದ ಬೆಲೆ ಸಂಬಳಕ್ಕೆ ಸೇರಿ ತೆರಿಗೆಗೆ ಒಳಪಡುತ್ತದೆ. ಮ್ಯಾನೇಜರ್ ಬಳಿ ಹೋಗಿ "ಅನ್ಯಾಯ" ಅನ್ನುವ ಬದಲು "ಹಳೆ ಶೇರು ಮುಗಿದಿದೆ, ಮುಂದೆ ಹೊಸದು ಯಾವಾಗ, ಎಷ್ಟು" ಎಂದು ಕೇಳಿ. ಮತ್ತೆ, ಅಪ್ಪನಿಗೆ ಈ ವಾರವೇ ಹೇಳಿ.

ಹೇಳಿದರು. ಕಾಗದವನ್ನೇ ಅಪ್ಪನ ಮುಂದಿಟ್ಟರಂತೆ. "ಇಷ್ಟಕ್ಕೆ ನಿದ್ದೆ ಬಿಟ್ಯಾ?" ಎಂದರಂತೆ ಅಪ್ಪ. ಮ್ಯಾನೇಜರ್ ಈಗಲೇ ಏನೂ ಕೊಡಲಾಗದು, ಮುಂದಿನ ವರ್ಷದ ಪರಿಶೀಲನೆಯಲ್ಲಿ ನೋಡೋಣ ಎಂದಿದ್ದಾರೆ. ಸಾಲದ ಅವಧಿ ಉದ್ದ ಮಾಡಿಸಿ ಕಂತು ಇಳಿಸಿಕೊಂಡಿದ್ದಾರೆ. ಒಟ್ಟು ಬಡ್ಡಿ ಜಾಸ್ತಿಯಾಗುತ್ತದೆ, ಅದು ಗೊತ್ತಿದ್ದೇ ಮಾಡಿದ್ದು.

ಲೆಕ್ಕ ಬಿಡಿಸಿದ ಮೇಲೂ ನಿದ್ದೆ ಬಾರದಿದ್ದರೆ ವೈದ್ಯರನ್ನು ಕಾಣಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.