180 ಎಕ್ಸ್‌ರೇಗಳಿಗೆ ಯಾವ ನೆಟ್‌ವರ್ಕ್?

ಪ್ರಶ್ನೆ: ನನ್ನ ಬಳಿ ಇರುವುದು 180 ಎದೆಯ ಎಕ್ಸ್‌ರೇಗಳು ಮಾತ್ರ. ನ್ಯುಮೋನಿಯಾ ಗುರುತಿಸಲು ಯಾವ ನ್ಯೂರಲ್ ನೆಟ್‌ವರ್ಕ್ (ಉದಾಹರಣೆಗಳನ್ನು ನೋಡಿ ಕಲಿಯುವ ಪ್ರೋಗ್ರಾಮ್) ಬಳಸಲಿ?

ಉತ್ತರ: ಪತ್ರ ಬಂದಾಗಲೆಲ್ಲ ಇದೇ ಪ್ರಶ್ನೆ. ಡೇಟಾ ಇಷ್ಟು ಕಡಿಮೆಯಿದ್ದಾಗ ನೆಟ್‌ವರ್ಕಿನ ಹೆಸರು ಬದಲಾಯಿಸಿ ಪ್ರಯೋಜನವಿಲ್ಲ. ಈ ಚಿತ್ರಗಳನ್ನು ನೋಡುವ ಮೊದಲೇ ನಿಮಗೆ ಗೊತ್ತಿದ್ದುದನ್ನು ಮಾಡೆಲ್‌ಗೆ, ಅಂದರೆ ಆ ಪ್ರೋಗ್ರಾಮಿಗೆ, ಹೇಳಿಕೊಟ್ಟಿರಾ?

ಸೊನ್ನೆಯಿಂದ ತರಬೇತಿ ಕೊಡುವ ಹಟ ಬಿಡಿ. ಇಮೇಜ್‌ನೆಟ್ ಎಂಬ ಚಿತ್ರಸಂಗ್ರಹದ ಸುಮಾರು 12 ಲಕ್ಷ ಚಿತ್ರಗಳಲ್ಲಿ ಪಳಗಿದ ನೆಟ್‌ವರ್ಕಿಗೆ ಅಂಚು, ಗೆರೆ, ನೆರಳು ಆಗಲೇ ಗೊತ್ತು. ಅವನ್ನು ಗುರುತಿಸುವ ಕೆಳಗಿನ ಪದರಗಳನ್ನು ಮುಟ್ಟದೆ, ತೀರ್ಪು ಕೊಡುವ ಕೊನೆಯ ಪದರಕ್ಕೆ ಮಾತ್ರ ಕಲಿಸಿ. ಎಕ್ಸ್‌ರೇಗಳಲ್ಲೇ ಪಳಗಿದ್ದು ಸಿಕ್ಕರೆ ಇನ್ನೂ ಒಳ್ಳೆಯದು.

ಚಿತ್ರಗಳನ್ನು ಕೊಂಚ ಓರೆ ಮಾಡಿ, ಬೆಳಕು ಹೆಚ್ಚು ಕಡಿಮೆ ಮಾಡಿ ಸೇರಿಸಬಹುದು. ರೋಗಿ ಸ್ವಲ್ಪ ವಾಲಿ ನಿಂತರೆ ರೋಗ ಬದಲಾಗುವುದಿಲ್ಲವಲ್ಲ. ಆದರೆ ಕನ್ನಡಿಯಂತೆ ತಿರುಗಿಸುವ ಮುನ್ನ ಯೋಚಿಸಿ. ಎಡಗಡೆಯ ಹೃದಯ ಬಲಕ್ಕೆ ಹೋಗುತ್ತದೆ! ಬೆಕ್ಕಿನ ಚಿತ್ರಕ್ಕೆ ಹೊಂದಿದ ಉಪಾಯವನ್ನು ಎದೆಗೂ ಅಂಟಿಸುವವರನ್ನು ಕಂಡರೆ ನನಗೆ ರೇಗುತ್ತದೆ.

ಇನ್ನು ಅಂಕಿಗಳು. ಒಂದು ಲಕ್ಷಣವಿದ್ದ ಮೂವರಲ್ಲಿ ಮೂವರಿಗೂ ರೋಗವಿದ್ದರೆ ಮಾಡೆಲ್ 100% ಎನ್ನುತ್ತದೆ. ಅಂಥವರಲ್ಲಿ ಹತ್ತಕ್ಕೆ ಒಬ್ಬರಿಗೆ ರೋಗ ಎಂಬುದು ವೈದ್ಯರ ಹಿಂದಿನ ಅನುಭವವಾಗಿದ್ದರೆ, ಆ ಹತ್ತು ಮಂದಿಯನ್ನೂ ಲೆಕ್ಕಕ್ಕೆ ಸೇರಿಸಿ: 13ರಲ್ಲಿ 4, ಅಂದರೆ ಸುಮಾರು 31%. ಮುಂದೆ ಸಾವಿರ ರೋಗಿಗಳ ದಾಖಲೆ ಬಂದಾಗ ಈ ಹತ್ತರ ಪ್ರಭಾವ ತಾನಾಗಿಯೇ ಕರಗುತ್ತದೆ.

ಒಂದು ಎಚ್ಚರಿಕೆ: ಇಂಥ ಪೂರ್ವಜ್ಞಾನವನ್ನು ಪರೀಕ್ಷಾ ಡೇಟಾ (ಮಾಡೆಲನ್ನು ಪರೀಕ್ಷಿಸಲೆಂದೇ ತೆಗೆದಿಟ್ಟದ್ದು) ತೆರೆಯುವ ಮೊದಲೇ ಬರೆದಿಡಿ. ಒಮ್ಮೆ ನಾನೇ ಫಲಿತಾಂಶ ನೋಡಿ ನೋಡಿ ಆ ಹತ್ತನ್ನು ಐದು ಮಾಡಿದೆ, ಇಪ್ಪತ್ತು ಮಾಡಿದೆ. ಅಂಕ ಏರಿತು, ಹೊಸ ರೋಗಿಗಳು ಬಂದಾಗ ನೆಲಕಚ್ಚಿತು. ಅಂದಿನಿಂದ ಪರೀಕ್ಷಾ ಡೇಟಾದ ಕಡತಕ್ಕೆ ಪಾಸ್‌ವರ್ಡ್ ಹಾಕಿ ಬೇರೆಯವರ ಕೈಗೆ ಕೊಡುತ್ತೇನೆ.

ಪ್ರಶ್ನೆ: 180 ಚಿತ್ರಗಳನ್ನು ಮೊದಲು ಓರೆ ಮಾಡಿ, ಬೆಳಕು ಬದಲಿಸಿ 18,000 ಮಾಡಿಕೊಂಡು, ಆಮೇಲೆ ತರಬೇತಿಗೆ, ಪರೀಕ್ಷೆಗೆ ಎಂದು ಹಂಚಬಹುದೇ?

ಉತ್ತರ: ಕೂಡದು. ಒಂದೇ ಚಿತ್ರದ ನಕಲುಗಳು ಎರಡೂ ಕಡೆ ಸೇರುತ್ತವೆ; ಮಾಡೆಲ್ ಕಂಡದ್ದನ್ನೇ ಪರೀಕ್ಷೆಯಲ್ಲಿ ಕೇಳಿದಂತಾಗುತ್ತದೆ. ಮೊದಲು ಹಂಚಿ, ಅದೂ ರೋಗಿವಾರು: ಒಬ್ಬ ರೋಗಿಯ ಚಿತ್ರಗಳೆಲ್ಲ ಒಂದೇ ಕಡೆ ಇರಲಿ.

ಪ್ರಶ್ನೆ: ಲೆಕ್ಕ ತಿಳಿದ ವೈದ್ಯರು ಯಾರೂ ಸಿಗಲಿಲ್ಲ. ಅಂತರ್ಜಾಲ ನೋಡಿ ‘ಹತ್ತಕ್ಕೆ ಒಬ್ಬರು’ ಎಂಬಂಥ ಅಂದಾಜು ಹಾಕಲೇ?

ಉತ್ತರ: ಬೇಡ. ಲೆಕ್ಕ ತಿಳಿಯದ ವೈದ್ಯರೇ ಸಾಕು, ಇಂಥ ಹತ್ತು ಮಂದಿಯಲ್ಲಿ ಎಷ್ಟು ಜನರಿಗೆ ರೋಗವಿರುತ್ತದೆ ಎಂದು ಕೇಳಿ.

ಪ್ರಶ್ನೆ: ಕಡಿಮೆ ಡೇಟಾದಲ್ಲೇ 99% ನಿಖರತೆ ಕೊಡುವ ತಂತ್ರಾಂಶವೊಂದನ್ನು ಮಾರುತ್ತಿದ್ದಾರೆ. ಕೊಳ್ಳಲೇ?

ಉತ್ತರ: ನೂರರಲ್ಲಿ ಒಬ್ಬರಿಗೆ ಮಾತ್ರ ರೋಗವಿದ್ದರೆ, ಎಲ್ಲರಿಗೂ ‘ಇಲ್ಲ’ ಎನ್ನುವ ಒಂದು ಸಾಲಿನ ಪ್ರೋಗ್ರಾಮಿಗೂ 99% ಸಿಗುತ್ತದೆ. ಆ ಒಬ್ಬ ರೋಗಿ ಅವರಿಗೆ ಸಿಕ್ಕನೇ ಎಂದು ಮಾರುವವರನ್ನು ಕೇಳಿ.